ಲಂಬಾಣಿ ಕಸೂತಿ ಚೀಲ: ಕೈಕೆಲಸ ಭೇಷ್, ಜಿಪ್ ಮಾತ್ರ ಕಳಪೆ

ಸ್ವಸಹಾಯ ಸಂಘಗಳ ಮಾರಾಟ ಮೇಳದಲ್ಲಿ ಕೊಂಡ ಹೆಗಲ ಚೀಲ ಇದು. ಬೆಲೆ 1,400 ರೂಪಾಯಿ. ಮಾಡಿದವರು ಚಿಂಚೋಳಿ ಕಡೆಯ ಒಂದು ತಾಂಡಾದ, ಅಂದರೆ ಲಂಬಾಣಿ ಹಟ್ಟಿಯ, ಹೆಂಗಸರು. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಸಣ್ಣ ಲೇಡೀಸ್ ಟೈಲರ್ ಅಂಗಡಿ ಇಟ್ಟುಕೊಂಡವಳು. ಹಾಗಾಗಿ ಚೀಲ ಕೈಗೆ ಬಂದ ಕೂಡಲೇ ಬಣ್ಣ ನೋಡಲಿಲ್ಲ, ಒಳಗನ್ನು ಹೊರಗೆ ಮಾಡಿ ಹೊಲಿಗೆ ನೋಡಿದೆ. ಮಾರುತ್ತಿದ್ದ ಅಕ್ಕ ನಕ್ಕರು. "ಮಷೀನಿಂದು ಅಲ್ರಿ ಅಕ್ಕಾ, ಬೇಕಾದಷ್ಟು ತಿರುಗಿಸಿ ನೋಡ್ರಿ" ಅಂದರು.

ನಿಜವಾಗಿಯೂ ಮಷೀನಿನದಲ್ಲ. ಗಂಟುಗಳು ಅಲ್ಲಲ್ಲಿ ಕಾಣುತ್ತವೆ, ಒಂದು ಬಣ್ಣ ಮುಗಿದು ಇನ್ನೊಂದು ಶುರುವಾದ ಜಾಗ ಗೊತ್ತಾಗುತ್ತದೆ. ಎರಡು ಪದರ ಬಟ್ಟೆ ಸೇರಿಸಿ ಅದರ ಮೇಲೆ ಕೆಲಸ ಮಾಡಿದ್ದಾರೆ. ಕೆಂಪು, ಕಪ್ಪು, ಹಳದಿ ಚೌಕಗಳು. ಕನ್ನಡಿಗಳು ಗಾಜಿನವೇ. ಒಂದೊಂದರ ಸುತ್ತಲೂ ಕಾಜಾ ಹೊಲಿಗೆಯಂತೆ ಒತ್ತಾಗಿ ದಾರ ಸುತ್ತಿ ಕೂರಿಸಿದ್ದಾರೆ. ಉಗುರು ಹಾಕಿ ಎಬ್ಬಿಸಿ ನೋಡಿದೆ, ಅಲುಗಲಿಲ್ಲ. ಅಂಚಿಗೆ ಕವಡೆ, ಮೂಲೆಗೆ ಉಣ್ಣೆ ಗೊಂಡೆ. ಇಪ್ಪತ್ತು ವರ್ಷ ಹೊಲಿದ ಕೈ ನನ್ನದು, ಆದರೂ ಇಷ್ಟು ನೇರ ಸಾಲನ್ನು ಪೆನ್ಸಿಲ್ ಗೆರೆ ಇಲ್ಲದೆ ಹಾಕಲು ನನಗೆ ಬರುವುದಿಲ್ಲ.

ಈಗ ದೂರು. ಜಿಪ್ ತೀರಾ ಅಗ್ಗದ್ದು. ತರಕಾರಿ ತುಂಬಿಸಿದ್ದಕ್ಕೇ ಹಲ್ಲು ಬಿಟ್ಟಿತು. ಒಳ ಅಸ್ತರ್ ತೆಳ್ಳಗಿದೆ. ಕೆಂಪು ದಾರ ಸ್ವಲ್ಪ ಬಣ್ಣ ಬಿಡುತ್ತದೆ, ಬಿಳಿ ಚೂಡಿದಾರದ ಮೇಲೆ ಹಾಕಿಕೊಳ್ಳಬೇಡಿ. ಮೂರು ದಿನದ ಕೈಕೆಲಸಕ್ಕೆ ಹತ್ತು ರೂಪಾಯಿ ಜಿಪ್ ಹಾಕಿದರೆ ಹೇಗೆ? ನಾನೇ ಬಿಚ್ಚಿ ಒಳ್ಳೇ ಜಿಪ್ ಹಾಕಿಕೊಂಡೆ. ಎಲ್ಲರಿಗೂ ಅದು ಆಗಲ್ಲ ಅಲ್ವಾ?

ಮೂರು ದಿನ ಅಂದೆನಲ್ಲ, ಅದು ನನ್ನ ಅಂದಾಜು ಅಲ್ಲ, ಅವರೇ ಹೇಳಿದ್ದು. ಅಡುಗೆ, ನೀರು, ಹೊಲದ ಕೆಲಸದ ನಡುವೆ ಅಲ್ಲ, ಕೂತು ಅದನ್ನೇ ಮಾಡಿದರೆ ಮೂರು ದಿನ. ಮುಂಭಾಗದ ಕಸೂತಿಗೆ ಸಂಘ ಕೊಡುವುದು 600. ದಿನಕ್ಕೆ 200 ಬಿತ್ತು. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ 2025-26ರಲ್ಲಿ ದಿನಕ್ಕೆ 370 ಇತ್ತು. ಮಣ್ಣು ಹೊರುವುದಕ್ಕಿಂತ ಕಸೂತಿಗೆ ಕಡಿಮೆ! 1,400ರಲ್ಲಿ ಉಳಿದದ್ದು ಬಟ್ಟೆ, ದಾರ, ಕನ್ನಡಿ, ಚೀಲ ಹೊಲಿದವರಿಗೆ, ಮೇಳಕ್ಕೆ ಬಂದ ಖರ್ಚಿಗೆ. ಯಾರೂ ನುಂಗಿಲ್ಲ, ಲೆಕ್ಕವೇ ಹಾಗಿದೆ. ಆದ್ದರಿಂದ "ಜಾಸ್ತಿ ಆಯ್ತು, ಸಾವಿರಕ್ಕೆ ಕೊಡಿ" ಅಂತ ಅಲ್ಲಿ ಚೌಕಾಸಿ ಮಾಡುತ್ತಿದ್ದವರನ್ನು ನೋಡಿ ನನಗೆ ಸಿಟ್ಟು ಬಂತು. ಜಾತ್ರೆಯಲ್ಲಿ ಬಳೆಗೆ ಚೌಕಾಸಿ ಮಾಡಿ, ಇಲ್ಲಿ ಬೇಡ.

ಕೂಲಿಗಿಂತಲೂ ದೊಡ್ಡ ತೊಂದರೆ ಬೇರೆ ಇದೆ. ಈ ಸಂಘಕ್ಕೆ ಊರಾಚೆಯ ಒಂದು ದೊಡ್ಡ ಅಂಗಡಿಯಿಂದ ಆರ್ಡರ್ ಬರುತ್ತದೆ. ಮಾಲು ಒಯ್ಯುತ್ತಾರೆ, ಮಾರಾಟ ಆದ ಮೇಲೆ ದುಡ್ಡು. ಅಂದರೆ ತಿಂಗಳುಗಟ್ಟಲೆ ಕಾಯಬೇಕು. ನಾನು ಒಂದು ಬ್ಲೌಸಿಗೂ ಅಡ್ವಾನ್ಸ್ ಇಲ್ಲದೆ ಕತ್ತರಿ ಹಾಕುವುದಿಲ್ಲ. ಇವರು ಚೀಲಗಟ್ಟಲೆ ಕೆಲಸ ಮಾಡಿ ಸುಮ್ನೆ ಕೂರಬೇಕು. ಅತ್ತ ದೀಪಾವಳಿ ಮುಗಿಯುತ್ತಿದ್ದ ಹಾಗೆ ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ, ಮುಂಗಡ ಹಿಡಿದು ಮನೆ ಬಾಗಿಲಿಗೇ ಬರುತ್ತಾನೆ. ಕಬ್ಬು ಕಡಿಯಲು, ಪುಣೆ, ಮುಂಬೈ ಕಟ್ಟಡ ಕೆಲಸಕ್ಕೆ. ರೊಕ್ಕ ಇವತ್ತೇ ಕೈಗೆ. ಸೂಜಿ ಹಿಡಿಯುವ ಹುಡುಗಿಯರು ಗಂಡನ ಹಿಂದೆ ಹೋಗುತ್ತಾರೆ, ಅಂಗಡಿಯ ಆರ್ಡರ್ ಅರ್ಧಕ್ಕೆ ನಿಲ್ಲುತ್ತದೆ, ಆಮೇಲೆ "ತಾಂಡಾದವರು ಟೈಮಿಗೆ ಕೊಡಲ್ಲ" ಅನ್ನುವ ಮಾತು. ಅರ್ಧ ದುಡ್ಡು ಮೊದಲೇ ಕೊಟ್ಟು ನೋಡಲಿ, ಆಮೇಲೆ ಮಾತಾಡೋಣ.

2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿ ಬಂದು 50,000ಕ್ಕೂ ಹೆಚ್ಚು ಜನರಿಗೆ ಮನೆ ಜಾಗದ ಹಕ್ಕುಪತ್ರ ಹಂಚಿದ್ದು ನೆನಪಿರಬಹುದು. ಹೆಚ್ಚಿನವರು ತಾಂಡಾದವರೇ. ಚೀಲ ಮಾರಿದ ಆ ಅಕ್ಕನಿಗೂ ಸಿಕ್ಕಿದೆಯಂತೆ. "ಮನಿ ನಮ್ಮ ಹೆಸರಿಗೆ ಆತ್ರಿ. ಆದ್ರ ಮನ್ಯಾಗ ಇರ್ಲಿಕ್ಕ ಊರಾಗ ಕೆಲಸ ಬೇಕಲ್ರಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಇನ್ನೊಂದು ಮೊಬೈಲ್ ಪೌಚ್ ತಗೊಂಡೆ.

ಅದೇ ಮೇಳದಲ್ಲಿ ಸ್ವಲ್ಪ ಆಚೆ ಇನ್ನೊಂದು ಮಳಿಗೆಯಲ್ಲಿ "ಲಂಬಾಣಿ ಬ್ಯಾಗ್" 550ಕ್ಕೆ ಇತ್ತು. ದೂರದಿಂದ ಇದಕ್ಕಿಂತ ಚೆಂದ. ತಿರುಗಿಸಿದೆ. ಕಂಪ್ಯೂಟರ್ ಎಂಬ್ರಾಯ್ಡರಿ, ಹಿಂದೆ ಪೇಪರ್ ಇನ್ನೂ ಅಂಟಿಕೊಂಡಿತ್ತು. ಕನ್ನಡಿ ಪ್ಲಾಸ್ಟಿಕ್, ಗಮ್ಮಿನಲ್ಲಿ ಅಂಟಿಸಿದ್ದು. ಮಷೀನ್ ಕೆಲಸ ತಪ್ಪಲ್ಲ, ನನ್ನ ಅಂಗಡಿಯಲ್ಲೂ ಮಾಡಿಸಿ ಕೊಡುತ್ತೇನೆ. ಆದರೆ ಲಂಬಾಣಿ ಅಂತ ಹೆಸರು ಹಾಕಿದರೂ, ಲಂಬಾಣಿ ಹೆಂಗಸಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ.

ಹೆಸರನ್ನು ಕಾಯುವ ದಾರಿ ಇದೆ, ಆದರೆ ನಮ್ಮ ಕಡೆಗೆ ತಲುಪಿಲ್ಲ. ಸಂಡೂರು ಲಂಬಾಣಿ ಕಸೂತಿಗೆ ಜಿಐ ಗುರುತು ಇದೆ, ಅಂದರೆ ಆ ಊರಿನ ಕಡೆ ಮಾಡಿದ್ದಕ್ಕೆ ಮಾತ್ರ ಆ ಹೆಸರು ಹಾಕಬಹುದು ಅನ್ನುವ ಸರ್ಕಾರಿ ಗುರುತು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯನ್ನೂ ಮಾಡಿದರು. ಆದರೆ ಸಂಡೂರು ಇರುವುದು ಬಳ್ಳಾರಿ ಜಿಲ್ಲೆಯಲ್ಲಿ. ಚಿಂಚೋಳಿಯ ಕೈ ಎಷ್ಟೇ ಚೆಂದ ಇರಲಿ, ಆ ಗುರುತು ಹಾಕಿಕೊಳ್ಳುವಂತಿಲ್ಲ. ಇನ್ನೊಂದು ವಿಚಿತ್ರ. ಲಂಬಾಣಿಗಳು ಇಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿ ತೆಲಂಗಾಣದ ತಾಂಡೂರಿಗೆ ಹೋದರೆ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಬುಡಕಟ್ಟು ಜನರ ಮಾಲು ಮಾರಿಕೊಡುವ ಕೇಂದ್ರದ ಟ್ರೈಫೆಡ್ ಇರುವುದು ಪಂಗಡದವರಿಗೆ. ಒಂದೇ ಬಳಗ, ಅಕ್ಕ ಆಚೆ, ತಂಗಿ ಈಚೆ, ಮಾರುಕಟ್ಟೆ ಬೇರೆ ಬೇರೆ.

ಬಣ್ಣದ ಬಗ್ಗೆಯೂ ಒಂದು ಮಾತು. ಆ ದೊಡ್ಡ ಅಂಗಡಿಯವರು ಬೂದಿ, ತಿಳಿ ಕಂದು ಬಣ್ಣದಲ್ಲಿ ಮಾಡಿಕೊಡಿ ಅನ್ನುತ್ತಾರಂತೆ. ಒಂದು ತೋರಿಸಿದರು. ಮಾರಾಟ ಅದರದೇ ಜಾಸ್ತಿಯಂತೆ. ನನಗೆ ಮಳೆಗೆ ನೆನೆದ ಗೋಣಿಯಂತೆ ಕಂಡಿತು. ಬಸ್ ಸ್ಟ್ಯಾಂಡಿನಲ್ಲಿ ವಯಸ್ಸಾದ ಲಂಬಾಣಿ ಹೆಂಗಸರು ಫೇಟಿಯಾ (ಲಂಗ), ಕಾಂಚಳಿ (ರವಿಕೆ) ತೊಟ್ಟು ಬರುತ್ತಾರಲ್ಲ, ಆ ಕೆಂಪಿನ ಮುಂದೆ ಇದೇನು! ಆದರೆ ದುಡ್ಡು ಕೊಡುವವರ ಕಣ್ಣಿಗೆ ತಕ್ಕಂತೆ ಮಾಡಬೇಕಾಗುತ್ತದೆ, ನಾನೂ ಅದನ್ನೇ ಮಾಡುತ್ತೇನೆ.

ಕೊಳ್ಳುವವರಿಗೆ ಹೇಳುವುದಾದರೆ ಚೀಲಕ್ಕಿಂತ ದಿಂಬಿನ ಕವರ್ ತಗೊಳ್ಳಿ. 900ಕ್ಕೆ ಸಿಗುತ್ತದೆ, ಜಿಪ್ ಗೋಳಿಲ್ಲ, ಕಸೂತಿಯೂ ಜಾಸ್ತಿ. ತಣ್ಣೀರಲ್ಲಿ ಬೇರೆಯಾಗಿ ಒಗೆದು, ಹಿಂಡದೆ ನೆರಳಲ್ಲಿ ಒಣಗಿಸಿ. ಮೇಳ ಇಲ್ಲದಾಗ ಬೇಕಿದ್ದರೆ ಸಂಘಕ್ಕೇ ಫೋನ್ ಮಾಡಿ ಹೇಳಿ ಮಾಡಿಸಬಹುದು, ನಂಬರ್ ಮಳಿಗೆಯಲ್ಲಿ ಚೀಟಿ ಮೇಲೆ ಕೊಡುತ್ತಾರೆ. ನಾನು ಮಗಳ ಮದುವೆಗೆ ಎಂಟು ಕವರ್ ಹೇಳಿದ್ದೇನೆ. ಪೂರ್ತಿ ದುಡ್ಡು ಮೊದಲೇ ಕೊಟ್ಟಿದ್ದೇನೆ, ಕೆಂಪು ಬಣ್ಣದಲ್ಲೇ ಬೇಕು ಅಂತಲೂ ಹೇಳಿದ್ದೇನೆ.