ಹಳೆ ಲಾರಿಯ ಕರೆಂಟ್ ಕಾಟಕ್ಕೆ ಡಿಸಿ ಕ್ಲ್ಯಾಂಪ್ ಮೀಟರ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಹಳೆ ಲಾರಿ ಇಟ್ಟುಕೊಂಡವರಿಗೆ ಕ್ಲ್ಯಾಂಪ್ ಮೀಟರ್, ಅಂದರೆ ವೈರ್ ಬಿಚ್ಚದೆ ಅದರ ಸುತ್ತ ಕೊಕ್ಕೆ ಹಾಕಿ ಕರೆಂಟ್ ಅಳೆಯುವ ಮೀಟರ್ ಬೇಕು. ಆದರೆ ಕೊಳ್ಳುವಾಗ ಅದು ಡಿಸಿ (ಬ್ಯಾಟರಿ ಕೊಡುವ ಥರದ ಕರೆಂಟ್) ಆಂಪಿಯರ್ ಅಳೆಯುತ್ತದಾ ಅಂತ ಕೇಳಿಯೇ ತಗೊಳ್ಳಿ. ಮನೆ ವೈರಿಂಗ್ ಮಾಡುವವರ ಕೈಯಲ್ಲಿರುವ ಅಗ್ಗದ ಕ್ಲ್ಯಾಂಪ್ ಮೀಟರ್‌ಗೆ ಮನೆಗೆ ಬರುವ ಎಸಿ ಕರೆಂಟ್ ಮಾತ್ರ ಗೊತ್ತು. ಅದನ್ನು ಲಾರಿಯ ಬ್ಯಾಟರಿ ಕೇಬಲ್‌ಗೆ ಹಾಕಿದರೆ ಸೊನ್ನೆ ತೋರಿಸಿಕೊಂಡು ಸುಮ್ನೆ ಕೂರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡೂ ಸಿಗುತ್ತವೆ, ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ನಾನು ತಂದದ್ದು ಮೂರು ಸಾವಿರದ ಆಸುಪಾಸಿನದು, 600 ಆಂಪಿಯರ್‌ವರೆಗೆ ಅಳೆಯುತ್ತದೆ.

ನಮ್ಮದು ತುಮಕೂರು ಕಡೆ ಜಲ್ಲಿ, ಎಂ-ಸ್ಯಾಂಡ್ ಹೊಡೆಯುವ ಹತ್ತು ಚಕ್ರದ ಗಾಡಿ. ಹಳೆ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಇಂಜಿನ್. ಕಂಪ್ಯೂಟರ್ ಇಲ್ಲ, ಆದ್ದರಿಂದ ಸ್ಕ್ಯಾನರ್ ಹಾಕಿ ಕೋಡ್ ಓದುವ ಮಾತೇ ಇಲ್ಲ. ಒಮ್ಮೆ ಸ್ಟಾರ್ಟ್ ಆದರೆ ಕರೆಂಟಿನ ಹಂಗಿಲ್ಲದೆ ಓಡುತ್ತದೆ. ಸ್ಟಾರ್ಟ್ ಆಗುವುದೇ ಕಷ್ಟವಾಗಿತ್ತು. ಇನ್ನು ವೈರಿಂಗ್ ಬಗ್ಗೆ ಹೇಳೋದೇ ಬೇಡ. ಹಿಂದಿನ ಓನರ್‌ಗಳು ಅವರವರಿಗೆ ತೋಚಿದ ಬಣ್ಣದ ವೈರ್ ಎಳೆದು, ಟೇಪು ಸುತ್ತಿ, ಒಂದೆರಡು ಕಡೆ ಫ್ಯೂಸ್ ಬದಲು ತಾಮ್ರದ ಎಳೆ ಸಿಕ್ಕಿಸಿದ್ದರು. ಅಂಥ ಎಳೆ ಕಂಡರೆ ಮೊದಲು ಕಿತ್ತು ಸರಿಯಾದ ಫ್ಯೂಸ್ ಹಾಕಿ. ಫ್ಯೂಸ್ ಹೋದರೆ ಲೈಟ್ ಆರುತ್ತದೆ ಅಷ್ಟೇ. ಆ ಎಳೆ ಹೋಗುವ ಹೊತ್ತಿಗೆ ಕ್ಯಾಬಿನ್ನಿಗೆ ಬೆಂಕಿ ಬಿದ್ದಿರುತ್ತದೆ.

ಮೀಟರ್ ತನ್ನ ಬೆಲೆ ವಾಪಸ್ ಕೊಟ್ಟದ್ದು ಸೆಲ್ಫ್ (ಇಂಜಿನ್ ಸುತ್ತಿಸುವ ಸ್ಟಾರ್ಟರ್ ಮೋಟರ್) ವಿಷಯದಲ್ಲಿ. ಬೆಳಗ್ಗೆ ಸೆಲ್ಫ್ ಹೊಡೆದರೆ ಮುಲುಕಾಡುತ್ತಾ ನಿಧಾನಕ್ಕೆ ಸುತ್ತುತ್ತಿತ್ತು. ಬ್ಯಾಟರಿ ಅಂಗಡಿಯಲ್ಲಿ ‘ಬ್ಯಾಟರಿ ಹೋಯ್ತು’ ಎಂದರು, ಎರಡೂ ಹೊಸದು ಬಂತು. ಆಮೇಲೆ ಗ್ಯಾರೇಜಿನವರು ಸೆಲ್ಫ್ ಬಿಚ್ಚಿ ಬುಷ್, ಕಾರ್ಬನ್ ಬ್ರಷ್ ಹಾಕಿಕೊಟ್ಟರು. ರೋಗ ಹಾಗೇ ಉಳಿಯಿತು. ಕೇಬಲ್‌ನ ಓಮ್ (ಕರೆಂಟಿಗೆ ಇರುವ ತಡೆ) ನೋಡಿದವರೂ ‘ಸರಿಯಾಗಿದೆ’ ಎಂದರು. ಅವರು ನೋಡಿದ್ದು ಸುಳ್ಳಲ್ಲ. ಆದರೆ ಸಾಮಾನ್ಯ ಮೀಟರ್‌ಗೆ ಅಷ್ಟು ಸಣ್ಣ ಓಮ್ ಕಾಣುವುದಿಲ್ಲ. ಅದರ ಪ್ರೋಬ್ ವೈರ್‌ಗಳೇ ಸೇರಿ 0.2 ಓಮ್ ತೋರಿಸುತ್ತವೆ. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. 200 ಆಂಪಿಯರ್ ಹರಿಯುವಾಗ 0.01 ಓಮ್ ಇದ್ದರೂ 2 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತದೆ.

ಅದಕ್ಕೇ ಓಮ್ ಬಿಟ್ಟು ವೋಲ್ಟ್ ನೋಡಬೇಕು, ಅದೂ ಲೋಡ್ ಬಿದ್ದಾಗ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ಕೆಂಪು ಪ್ರೋಬ್ ಸೆಲ್ಫ್‌ನ ಮೈಮೇಲೆ, ಕಪ್ಪು ಪ್ರೋಬ್ ಬ್ಯಾಟರಿ ಮೈನಸ್ ಕಂಬದ ಮೇಲೇ ಒತ್ತಿ ಹಿಡಿಯಬೇಕು, ಕ್ಲಿಪ್ ಮೇಲಲ್ಲ. ಒಬ್ಬರು ಸೆಲ್ಫ್ ಹೊಡೆಯಬೇಕು. ನಮ್ಮ ಗಾಡಿಯಲ್ಲಿ 2 ವೋಲ್ಟ್ ದಾಟಿತು. ಅಲ್ಲಿ ಅರ್ಧ ವೋಲ್ಟ್ ಮೀರಿದರೂ ನಾನು ಅರ್ತ್ (ಬ್ಯಾಟರಿ ಮೈನಸ್ ಚಾಸಿಗೆ ಸೇರುವ ಜೋಡಣೆ) ಹುಡುಕಲು ಶುರು ಮಾಡುತ್ತೇನೆ. ಬ್ಯಾಟರಿ ಬಾಕ್ಸ್ ಹಿಂದೆ ಚಾಸಿಗೆ ಬಿಗಿದ ಅರ್ತ್ ಬೋಲ್ಟ್ ಮೇಲಿಂದ ಚೆನ್ನಾಗೇ ಕಾಣುತ್ತಿತ್ತು. ಬಿಚ್ಚಿದರೆ ಕೇಬಲ್ ತುದಿಯ ಲಗ್ ಅಡಿಯಲ್ಲಿ ತುಕ್ಕಿನ ಪದರ, ಅದರ ಮೇಲೆ ಯಾರೋ ಬಳಿದ ಬಣ್ಣ. ಕಬ್ಬಿಣ ಹೊಳೆಯುವವರೆಗೆ ಎಮರಿ ಪೇಪರ್‌ನಲ್ಲಿ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದ್ದಾಯ್ತು. ಮತ್ತೆ ನೋಡಿದಾಗ 0.2 ವೋಲ್ಟ್. ಹೊಸ ಬ್ಯಾಟರಿಗೆ ಕೊಟ್ಟ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಾಟ ಲಾರಿಗಳಲ್ಲಿ ತುಂಬಾ ಕಾಮನ್. ಲಾರಿಯ 24 ವೋಲ್ಟ್ ಅಂದರೆ ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ). ಟೇಪ್ ರೆಕಾರ್ಡರ್‌ನಂಥವು ಹೆಚ್ಚಾಗಿ 12 ವೋಲ್ಟಿನವು. ಹಾಗಾಗಿ ಒಂದೇ ಬ್ಯಾಟರಿಯಿಂದ ವೈರ್ ಎಳೆದುಬಿಡುತ್ತಾರೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಎರಡಕ್ಕೂ ಸೇರಿಸಿ 28 ವೋಲ್ಟ್ ಕೊಡುತ್ತದೆಯೇ ಹೊರತು ಯಾವುದು ಹಸಿದಿದೆ ಅಂತ ನೋಡಿ ಬಡಿಸುವುದಿಲ್ಲ. ಒಂದು ಸದಾ ಅರೆಹೊಟ್ಟೆ, ಇನ್ನೊಂದಕ್ಕೆ ಅಜೀರ್ಣವಾಗಿ ನೀರು ಕುದಿಯುತ್ತದೆ. ಇಂಜಿನ್ ನಿಂತು ಒಂದು ರಾತ್ರಿ ಕಳೆದ ಮೇಲೆ ಒಂದೊಂದನ್ನೇ ಅಳೆಯಿರಿ. ಒಂದು 12.7, ಇನ್ನೊಂದು 12.1 ಬಂದರೆ ಇದೇ ಕಥೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ಸರಿಹೋಗುತ್ತದೆ.

ನಿಲ್ಲಿಸಿದ ಗಾಡಿಯ ಬ್ಯಾಟರಿ ತಾನಾಗೇ ಇಳಿಯುವುದನ್ನು ಹಿಡಿಯೋದಕ್ಕೆ ಕ್ಲ್ಯಾಂಪೇ ಬೇಕು. ಕೇಬಲ್ ಬಿಚ್ಚಬೇಕಾಗಿಲ್ಲ, ಮೈನಸ್ ಕೇಬಲ್‌ಗೆ ಸುಮ್ನೆ ಕೊಕ್ಕೆ ಹಾಕಿದರೆ ಸಾಕು. ಎಲ್ಲ ಆಫ್ ಇದ್ದಾಗಲೂ ನಮ್ಮದರಲ್ಲಿ 0.9 ಆಂಪಿಯರ್ ಹರಿಯುತ್ತಿತ್ತು. ಶನಿವಾರ ಸಂಜೆ ನಿಲ್ಲಿಸಿ ಸೋಮವಾರ ಬೆಳಗ್ಗೆ ಬಂದರೆ 30 ಆಂಪಿಯರ್-ಅವರ್‌ಗೂ ಜಾಸ್ತಿ ಮಾಯ. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತರೂ ಇಳಿಯಲಿಲ್ಲ. ಜಿಪಿಎಸ್ ಮೇಲೆ ಎಲ್ಲರಿಗೂ ಅನುಮಾನ, ಅದೂ ಅಲ್ಲ. ರಾತ್ರಿಯಿಡೀ ನಿಂತ ಗಾಡಿಯ ಡೈನಮೋ ಮುಟ್ಟಿದರೆ ಹಿಂಭಾಗ ಉಗುರುಬೆಚ್ಚಗಿತ್ತು! ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಒಳಗಿನ ಡಯೋಡ್ ಸೋರುತ್ತಿತ್ತು. ಮೈನಸ್ ಕೇಬಲ್ ತೆಗೆದು ಡೈನಮೋದ ದಪ್ಪ ವೈರ್ ಬಿಚ್ಚಿ, ಅದರ ತುದಿಗೆ ಟೇಪು ಸುತ್ತಿ, ಮೈನಸ್ ಮತ್ತೆ ಹಾಕಿ ನೋಡಿದರೆ ಓಟ ನಿಂತಿತ್ತು. ಡಯೋಡ್ ಪ್ಲೇಟ್ ಬದಲಾಯಿಸಿದೆವು.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು, ಇಂಡಿಕೇಟರ್ ಹಾಕಿದರೆ ಪಾರ್ಕ್ ಲೈಟ್ ಕುಣಿಯುವುದು, ಇದಕ್ಕೆಲ್ಲ ಮೀಟರ್ ಬೇಕಾಗಿಲ್ಲ. ಹಿಂದಿನ ಲೈಟಿನ ಅರ್ತ್ ನೋಡಿ ಸಾಕು.

ಈಗ ಮೀಟರ್ ಮೇಲಿನ ದೂರುಗಳು. ಪ್ರತಿಸಲ ಕ್ಲ್ಯಾಂಪ್ ಹಾಕುವ ಮುಂಚೆ ಜೀರೋ ಬಟನ್ ಒತ್ತಲೇಬೇಕು. ಅದೂ ಕೇಬಲ್ ಹತ್ತಿರ, ಹಾಕುವ ದಿಕ್ಕಿನಲ್ಲೇ ಹಿಡಿದು ಒತ್ತಬೇಕು, ಇಲ್ಲದಿದ್ದರೆ ಏನೂ ಇಲ್ಲದೆಯೂ 0.2, 0.3 ಆಂಪಿಯರ್ ತೋರಿಸುತ್ತದೆ. ಹೀಗಾಗಿ ಜಿಪಿಎಸ್‌ನಂಥ ಸಣ್ಣ ಕರೆಂಟಿಗೆ ನಂಬುವಂತಿಲ್ಲ. ಹದಿನೈದು ನಿಮಿಷಕ್ಕೆ ತಾನಾಗೇ ಆಫ್ ಆಗುತ್ತದೆ, ಅರ್ಧ ಫ್ಯೂಸ್ ಕೀಳುವಷ್ಟರಲ್ಲಿ ಜೀರೋ ಮತ್ತೆ ಮೊದಲಿಂದ. ಬಿಸಿಲಿನಲ್ಲಿ ಅಂಕಿ ಕಾಣುವುದಿಲ್ಲ. ವೈರ್ ತುಂಡಾಗಿಲ್ಲ ಎಂದು ಸದ್ದು ಮಾಡಿ ಹೇಳುವ ಬಜರ್, ಇಂಜಿನ್ ಓಡುವಾಗ ಕೇಳಿಸುವುದಿಲ್ಲ.

ಟೆಸ್ಟ್ ಲ್ಯಾಂಪ್ ಬಿಸಾಡಬೇಡಿ. ಒಂದೇ ಎಳೆ ಉಳಿದ ವೈರ್‌ನಲ್ಲೂ ಮೀಟರ್ 24 ವೋಲ್ಟ್ ತೋರಿಸುತ್ತದೆ. 21 ವ್ಯಾಟ್ ಬಲ್ಬ್ ಹಾಕಿದರೆ ಅದರ ಬಣ್ಣ ಬಯಲಾಗುತ್ತದೆ. ನನ್ನ ಟೂಲ್ ಬಾಕ್ಸ್‌ನಲ್ಲಿ ಎರಡೂ ಇವೆ. ಮೀಟರ್ ಜೊತೆ ಬಂದ ಪ್ರೋಬ್ ವೈರ್ ಮಾತ್ರ ಗಡುಸಾಗಿ ಬುಡದಲ್ಲಿ ಸೀಳಿತು. ಅದನ್ನು ತೆಗೆದು ಸಿಲಿಕೋನ್ ವೈರಿನದು ಹಾಕಿಕೊಂಡಿದ್ದೇನೆ, ಎರಡು ಮೊಸಳೆ ಕ್ಲಿಪ್ ಸಮೇತ. ಕೊಳ್ಳುವ ದಿನವೇ ಅದನ್ನೂ ತಗೊಂಡುಬಿಡಿ.