ಎಂಟು ಗಾಜಿನ ತಕುಮಾರ್ ಎಂದು ಹೇಳಿ ಏಳು ಗಾಜಿನದನ್ನು ಕಳಿಸಿದರು

ಹಳೆಯ ಲೆನ್ಸುಗಳನ್ನು ಆನ್‌ಲೈನಿನಲ್ಲಿ ಕೊಳ್ಳುವವರು ದಯವಿಟ್ಟು ಇದನ್ನು ಓದಿ. 18,500 ರೂಪಾಯಿ ಕಳೆದುಕೊಂಡ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಹಣ ಹೋದದ್ದಕ್ಕಿಂತಲೂ, ಇಪ್ಪತ್ತು ವರ್ಷಗಳಿಂದ ಕ್ಯಾಮೆರಾ ಹಿಡಿದವನು, ಊರಿನ ಹುಡುಗರಿಗೆ ಲೆನ್ಸು ಕೊಳ್ಳುವಾಗ ಏನೇನು ನೋಡಬೇಕು ಎಂದು ಹೇಳಿಕೊಟ್ಟವನು, ನಾನೇ ಹೀಗೆ ಮೋಸಹೋದೆನಲ್ಲ ಎಂಬ ನಾಚಿಕೆ ಹೆಚ್ಚು ಸುಡುತ್ತಿದೆ.

ನಾನು ಬಹಳ ದಿನಗಳಿಂದ ಹುಡುಕುತ್ತಿದ್ದದ್ದು ಜಪಾನಿನ ಅಸಾಹಿ ಕಂಪನಿಯ ಸೂಪರ್ ತಕುಮಾರ್ 50 ಎಂಎಂ ಎಫ್ 1.4 ಲೆನ್ಸು, ಅದರಲ್ಲೂ 1960ರ ದಶಕದ ನಡುವೆ ಸ್ವಲ್ಪ ಕಾಲ ಮಾತ್ರ ತಯಾರಾದ, ಒಳಗೆ ಎಂಟು ಬಿಡಿ ಗಾಜುಗಳನ್ನು ಜೋಡಿಸಿದ ‘ಎಂಟು ಗಾಜಿನದು’. ಅನಂತರ ಬಂದದ್ದರಲ್ಲಿ ಏಳೇ ಗಾಜುಗಳಿದ್ದು, ಅವುಗಳಲ್ಲಿ ಥೋರಿಯಂ ಎಂಬ ವಿಕಿರಣಶೀಲ ಲೋಹ ಸೇರಿದ ಗಾಜೂ ಇರುವುದರಿಂದ ವರ್ಷಗಳು ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ಎರಡರ ಮೇಲೂ ಹೆಸರು ಒಂದೇ, ನೋಡಲು ರೂಪವೂ ಹೆಚ್ಚುಕಡಿಮೆ ಒಂದೇ, ಆದರೆ ಎಂಟು ಗಾಜಿನದಕ್ಕೆ ಬೆಲೆ ಹೆಚ್ಚು. ಗುರುತು ಹಿಡಿಯುವ ಸುಲಭದ ದಾರಿಯೆಂದರೆ ದೂರದ ಅಳತೆಯ ಕೆಳಗಿರುವ ಅಂಕಿಗಳ ಸಾಲು: ಅಲ್ಲಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿಗೆ ಫೋಕಸ್ ಮಾಡಲು ಇಟ್ಟ ಗುರುತು 4ರ ಬಲಕ್ಕಿದ್ದರೆ ಎಂಟು ಗಾಜಿನದು, ಎಡಕ್ಕಿದ್ದರೆ ಏಳು ಗಾಜಿನದು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದೆ.

ಮಾರುವವರು ಬೆಂಗಳೂರಿನವರೆಂದು ಹೇಳಿಕೊಂಡರು. ಮಾತು ಬಹಳ ಮರ್ಯಾದೆಯದು, ಪ್ರತಿ ಸಾಲಿಗೂ ಒಂದು ‘ಸಾರ್’. ನಾನು ಆ ಗುರುತಿನ ಚಿತ್ರ ಕೇಳಿದೆ. ಐದು ನಿಮಿಷದಲ್ಲಿ ಕಳಿಸಿದರು, ಗುರುತು 4ರ ಬಲಕ್ಕೇ ಇತ್ತು. ಮುಂಭಾಗದ ಉಂಗುರದ ಮೇಲಿನ ಸೀರಿಯಲ್ ನಂಬರನ್ನು ಮಾತ್ರ ಮಸುಕು ಮಾಡಿದ್ದರು. ಏಕೆಂದು ಕೇಳಿದ್ದಕ್ಕೆ, “ಸೇಫ್ಟಿಗೆ ಸಾರ್, ನಮ್ಮ ಫೋಟೋ ಕದ್ದು ಬೇರೆಯವರು ಮೋಸ ಮಾಡ್ತಾರೆ” ಎಂದರು. ಆ ಉತ್ತರವನ್ನು ಓದಿ, ಪರವಾಗಿಲ್ಲ, ಜಾಗರೂಕತೆಯ ಮನುಷ್ಯ ಎಂದುಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ. ಟಾರ್ಚ್ ಬೆಳಕು ಹಾಯಿಸಿ ವಿಡಿಯೋ ಕಳಿಸಿ ಎಂದದ್ದಕ್ಕೆ “ನಾಳೆ ಕಳಿಸ್ತೀನಿ” ಎಂದವರು, ರಾತ್ರಿ ಹನ್ನೊಂದು ಗಂಟೆಗೆ “ಮೈಸೂರಿನವರೊಬ್ಬರು ಈಗಲೇ ಪೂರ್ತಿ ದುಡ್ಡು ಹಾಕ್ತೀನಿ ಅಂತಿದಾರೆ, ನೀವು ಮೊದಲು ಕೇಳಿದ್ರಿ ಅಂತ ತಿಳಿಸಿದೆ” ಎಂದು ಬರೆದರು. ವಿಡಿಯೋ ನೋಡದೆ, ನಂಬರ್ ತಿಳಿಯದೆ, ಪೂರ್ತಿ ಹಣವನ್ನು ಯುಪಿಐನಲ್ಲಿ ಕಳಿಸಿಬಿಟ್ಟೆ.

ಆರನೆಯ ದಿನ ತೀರ್ಥಹಳ್ಳಿಗೆ ಪಾರ್ಸೆಲ್ ಬಂತು. ಹೊರಗೆ ಜಡಿಮಳೆ, ಮನೆಯೊಳಗೆ ಮಬ್ಬು. ಲೆನ್ಸನ್ನು ಊಟದ ಮೇಜಿನ ಮೇಲಿದ್ದ ಬಿಳಿ ಹಾಳೆಯ ಮೇಲಿಟ್ಟು, ಬೆಳಕು ಬಿಡುವ ಕಿಂಡಿಯನ್ನು (ಡಯಾಫ್ರಂ) ಪೂರ್ತಿ ತೆರೆದು, ಮೇಲಿನಿಂದ ನೋಡಿದೆ. ಸುತ್ತಲೂ ಹಾಳೆ ಬೆಳ್ಳಗೆ, ಗಾಜಿನೊಳಗೆ ಕಾಣುವ ಹಾಳೆ ತಿಳಿ ಚಹಾದ ಬಣ್ಣ. ಆ ಕ್ಷಣದಲ್ಲೇ ತಿಳಿಯಿತು. ಆದರೂ ಮನಸ್ಸು ಒಪ್ಪದೆ ಕನ್ನಡಕ ಹಾಕಿಕೊಂಡು ಅಂಕಿಗಳನ್ನು ನೋಡಿದೆ. ಗುರುತು 4ರ ಎಡಕ್ಕಿತ್ತು. ಮೊಬೈಲಿನ ಟಾರ್ಚ್ ಹಾಯಿಸಿದಾಗ ಹಿಂದಿನ ಗಾಜುಗಳ ಅಂಚಿನಿಂದ ನಡುವಿನವರೆಗೆ ಬೂಷ್ಟು ಬೇರಿನ ಎಳೆಗಳಂತೆ ಹರಡಿಕೊಂಡಿತ್ತು. ಹೆಂಡತಿ ಬಂದು “ಏನಾಯ್ತು” ಎಂದು ಕೇಳಿದರೆ ಉತ್ತರ ಹೇಳಲಾಗದೆ ಮುಚ್ಚಳ ಹಾಕಿಟ್ಟೆ.

ಅವರು ಕೊಟ್ಟ ಉತ್ತರಗಳನ್ನು ಇಲ್ಲಿ ಇದ್ದಂತೆಯೇ ಬರೆಯುತ್ತೇನೆ. ಹಳದಿ ಬಣ್ಣದ ಬಗ್ಗೆ: “ಅದು ಥೋರಿಯಂ ಸಾರ್, ತಕುಮಾರ್ ಅಂದ್ರೆ ಹಾಗೇನೇ, ಬಿಸಿಲಲ್ಲಿ ಇಟ್ರೆ ಹೋಗುತ್ತೆ.” ಬಿಸಿಲಿನಲ್ಲಿಟ್ಟರೆ ಹಳದಿ ಕಡಿಮೆಯಾಗುತ್ತದೆ ಎಂಬುದು ನಿಜವೇ. ಆದರೆ ಎಂಟು ಗಾಜಿನ ತಕುಮಾರಿನಲ್ಲಿ ಥೋರಿಯಂ ಇಲ್ಲವೇ ಇಲ್ಲ! ಎಂಟು ಗಾಜಿನದೆಂದು ಮಾರಿದವರು ಏಳು ಗಾಜಿನದನ್ನು ಕಳಿಸಿದ್ದೇನೆಂದು ತಮ್ಮ ಬಾಯಿಂದಲೇ ಒಪ್ಪಿಕೊಂಡಂತಾಯಿತು. ಅದನ್ನೇ ತಿರುಗಿಸಿ ಕೇಳಿದ್ದಕ್ಕೆ ಉತ್ತರವಿಲ್ಲ. ಬೂಷ್ಟಿನ ಬಗ್ಗೆ: “ಮಲೆನಾಡಲ್ಲಿ ತೇವ ಜಾಸ್ತಿ, ನಿಮ್ಮ ಮನೇಲೇ ಹಿಡಿದಿರಬೇಕು.” ಪಾರ್ಸೆಲ್ ಬಿಚ್ಚಿ ಒಂದು ಗಂಟೆಯೂ ಆಗಿರಲಿಲ್ಲ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವದ ಮಾಪಕವಿಟ್ಟು ಲೆನ್ಸು ಕಾಯುವ ನನಗೆ ಈ ಮಾತು! ಗಾಜಿನ ನಡುವಿನವರೆಗೆ ಬೇರು ಬಿಡಲು ಬೂಷ್ಟಿಗೆ ಒಂದು ಸಂಜೆ ಸಾಕಾಗುತ್ತದೆಯೇ? ಕೊನೆಯ ಉತ್ತರ: “ಪಾರ್ಸೆಲ್ ಬಿಚ್ಚೋ ವಿಡಿಯೋ ಇದ್ಯಾ? ಇಲ್ಲ ಅಂದ್ರೆ ನೀವೇ ಲೆನ್ಸ್ ಬದಲಾಯಿಸಿಲ್ಲ ಅಂತ ಏನು ಗ್ಯಾರಂಟಿ?” ಕಳ್ಳನೆಂದು ಕರೆಸಿಕೊಂಡದ್ದು ನಾನು. ವಿಡಿಯೋ ನನ್ನಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದರು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಆದರೆ ನಾಚಿಕೆಯಿಂದ ಯಾರಿಗೂ ಹೇಳದೆ ಹತ್ತು ದಿನ ಕಳೆದುಬಿಟ್ಟಿದ್ದೆ. ನಿಮಗೆ ಹೀಗಾದರೆ ಅದೇ ಗಂಟೆಯಲ್ಲಿ ಕರೆ ಮಾಡಿ. ಲೆನ್ಸನ್ನು ರಿಪೇರಿಯವರಿಗೆ ತೋರಿಸಿದೆ; ಬಿಚ್ಚಿ ಒರೆಸಬಹುದು, ಆದರೆ ಬೂಷ್ಟು ಕೋಟಿಂಗನ್ನು ತಿಂದ ಕಲೆ ಉಳಿಯುತ್ತದೆ ಎಂದರು.

ಸೀರಿಯಲ್ ನಂಬರ್ ಮುಚ್ಚಿದವರ ಹತ್ತಿರ ಮಾತನ್ನೇ ಮುಂದುವರಿಸಬೇಡಿ. ಇವತ್ತಿನ ತಾರೀಖು ಬರೆದ ಚೀಟಿಯ ಪಕ್ಕದಲ್ಲಿ ಲೆನ್ಸಿಟ್ಟು, ಹಿಂದಿನಿಂದ ಟಾರ್ಚ್ ಹಾಯಿಸಿ, ನಂಬರಿನಿಂದ ಹಿಂದಿನ ಗಾಜಿನವರೆಗೆ ತಡೆಯಿಲ್ಲದೆ ಒಂದೇ ವಿಡಿಯೋ ಮಾಡಿ ಕಳಿಸಲು ಕೇಳಿ. ಪ್ರಾಮಾಣಿಕರಿಗೆ ಅದು ಎರಡು ನಿಮಿಷದ ಕೆಲಸ. ಹಿಂದೆ ನಾನು ಕೊಂಡ ಎರಡು ಲೆನ್ಸುಗಳ ಮಾಲೀಕರು ಕೇಳುವ ಮೊದಲೇ ಕಳಿಸಿದ್ದರು. ಪಾರ್ಸೆಲ್ ಬಿಚ್ಚುವಾಗ ಮನೆಯವರ ಕೈಗೆ ಮೊಬೈಲ್ ಕೊಟ್ಟು ಚಿತ್ರೀಕರಿಸಿ.

ಮೊನ್ನೆ ಬೇರೊಂದು ಹೆಸರಿನಲ್ಲಿ ಒಂದು ಎಂಟು ಗಾಜಿನ ತಕುಮಾರ್ ಮಾರಾಟಕ್ಕೆ ಬಂದಿದೆ, ಬೆಲೆ 17,000. ನನಗೆ ಕಳಿಸಿದ್ದ ಅದೇ ಚಿತ್ರ, ಮಸುಕು ಮಾಡಿದ ಅದೇ ಉಂಗುರ, ಎಡಮೂಲೆಯಲ್ಲಿ ಕಾಣುವ ಅದೇ ನೀಲಿ ಚೌಕುಳಿಯ ಮೇಜುಬಟ್ಟೆ. ಆ ಬಟ್ಟೆ ಕಂಡರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.