ತಿಂಗಳಿಗೆ ನೂರು ರೂಪಾಯಿಯ ಕಸದ ಗಾಡಿ: ಒಂದು ವರ್ಷದ ಅನುಭವ

ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಮನೆಗಳ ಕಸ ವಿಲೇವಾರಿಗೆ ಬಳಕೆದಾರರ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆಗೇ ಕಟ್ಟಿಸಿಕೊಳ್ಳಲಾಗುತ್ತಿದೆ. ಕಟ್ಟಡದ ವಿಸ್ತೀರ್ಣ 600 ಚದರ ಅಡಿಯೊಳಗಿದ್ದರೆ ತಿಂಗಳಿಗೆ 10 ರೂಪಾಯಿ, 1,000ದಿಂದ 2,000 ಚದರ ಅಡಿಯವರೆಗೆ 100 ರೂಪಾಯಿ, 4,000 ಚದರ ಅಡಿ ಮೀರಿದರೆ 400 ರೂಪಾಯಿ. ನಮ್ಮದು ನೂರರ ಸಾಲಿಗೆ ಸೇರಿದ ಮನೆ. ತೆರಿಗೆಯ ಜೊತೆ ಕಸದ ಉಪಕರವನ್ನು ಮೊದಲಿನಿಂದಲೂ ಕಟ್ಟುತ್ತಿದ್ದೆವಾದರೂ, ರಸೀದಿಯಲ್ಲಿ ವರ್ಷಕ್ಕೆ 1,200 ರೂಪಾಯಿ ಬೇರೆಯೇ ಸಾಲಾಗಿ ಕಾಣಿಸಿಕೊಂಡ ಮೇಲೆ, ಹಾಲು ಹಾಕುವವರನ್ನೂ ನೀರಿನ ಕ್ಯಾನಿನವರನ್ನೂ ಅಳೆಯುವ ಹಾಗೆಯೇ ಕಸದ ಗಾಡಿಯನ್ನೂ ಅಳೆದು ನೋಡೋಣವೆನ್ನಿಸಿತು. ನಗರದ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರ ಒಂದೇ ಬೀದಿಯಲ್ಲಿ ನಾನು ಕಂಡದ್ದು ಇಷ್ಟು. ಪಕ್ಕದ ವಾರ್ಡಿನಲ್ಲಿ ಇದು ಬೇರೆಯೇ ಇರಬಹುದು.

ಮೊದಲು ಚೆನ್ನಾಗಿರುವುದನ್ನು ಹೇಳಬೇಕು. ಭಾನುವಾರವನ್ನೂ ಬಿಡದೆ ಗಾಡಿ ಬರುತ್ತದೆ. ಆಟೊ ಟಿಪ್ಪರಿನಲ್ಲಿ ಚಾಲಕನೊಬ್ಬ, ಸಹಾಯಕಿಯೊಬ್ಬರು. ಧ್ವನಿವರ್ಧಕದ ಸದ್ದು ಮೂರು ಮನೆ ಆಚೆ ಕೇಳಿಸುತ್ತಿದ್ದಂತೆ ಗೇಟುಗಳು ತೆರೆದುಕೊಳ್ಳುತ್ತವೆ. ಆ ಸಹಾಯಕಿ ಬಕೆಟ್ಟನ್ನು ಸುಮ್ಮನೆ ಸುರಿಯುವವರಲ್ಲ. ಮೊದಲು ಅದರೊಳಗೆ ಒಮ್ಮೆ ಇಣುಕುತ್ತಾರೆ. ಹಸಿ ಕಸದ ನಡುವೆ ಹಾಲಿನ ಕವರು ಕಂಡರೆ, ‘ಅಮ್ಮಾ, ಇದನ್ನ ನೀವೇ ತೆಗೆದುಬಿಡಿ, ತೊಳೆದು ಒಣ ಕಸದ ದಿನ ಕೊಡಿ’ ಎಂದು ಬಕೆಟ್ಟನ್ನು ಹಿಂದಿರುಗಿಸುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ, ಆದರೆ ರಿಯಾಯಿತಿಯೂ ಇಲ್ಲ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶಿಸಿದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ, ಅಂದರೆ ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್ ಮತ್ತು ಪ್ಯಾಡಿನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ, ನಮ್ಮ ಬೀದಿಯ ಅಡುಗೆಮನೆಗಳಲ್ಲಿ ನೆಲೆ ನಿಂತದ್ದು ಭಿತ್ತಿಪತ್ರಗಳಿಂದಲ್ಲ, ದಂಡದ ಭಯದಿಂದಲೂ ಅಲ್ಲ. ದಿನವೂ ಬಕೆಟ್ಟಿನೊಳಗೆ ಇಣುಕುವ ಒಬ್ಬ ಮನುಷ್ಯರ ಎದುರು ಸಂಕೋಚಪಟ್ಟುಕೊಂಡು ನಾವು ಕಲಿತದ್ದು ಅದು. ಪ್ಯಾಡುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡುವ ಅಭ್ಯಾಸವೂ ಹಾಗೆಯೇ ಬಂತು. ಬಿಚ್ಚಿ ನೋಡದೆ ಒಳಗೇನಿದೆಯೆಂದು ತಿಳಿಯಬೇಕಾದದ್ದು ಆ ಕೈಗಳಿಗೇ ತಾನೆ.

ತೊಂದರೆ ಇರುವುದು ಗಡಿಯಾರದಲ್ಲಿ. ಒಂದು ಆಟೊ ಟಿಪ್ಪರಿಗೆ ಸುಮಾರು 750 ಮನೆ ಎಂಬುದು ಈ ನಗರದಲ್ಲಿ ಹಾಕಿಕೊಂಡಿರುವ ಲೆಕ್ಕ. ಬೆಳಿಗ್ಗೆಯ ಐದು ಗಂಟೆಗಳಲ್ಲಿ ಅಷ್ಟನ್ನೂ ಮುಗಿಸಬೇಕೆಂದರೆ ಒಂದು ಮನೆಗೆ ಸಿಗುವುದು 24 ಸೆಕೆಂಡು. ಅದರಲ್ಲೇ ಗಾಡಿ ತುಂಬಿದಾಗ ಕಾಂಪ್ಯಾಕ್ಟರ್, ಅಂದರೆ ಕಸವನ್ನು ಒತ್ತಿ ತುಂಬಿಕೊಳ್ಳುವ ದೊಡ್ಡ ಲಾರಿ, ನಿಂತಲ್ಲಿಗೆ ಹೋಗಿ ಸುರಿದು ಬರುವ ಹೊತ್ತೂ ಸೇರಿದೆ. ಹೀಗಾಗಿ ನಮ್ಮ ಬೀದಿಗೆ ಗಾಡಿ ಒಂದು ದಿನ ಏಳಕ್ಕೆ ಬಂದರೆ ಇನ್ನೊಂದು ದಿನ ಒಂಬತ್ತೂವರೆಗೆ. ನಿವೃತ್ತನಾದ ನನಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಎದುರುಮನೆಯ ಮೇಲಿನ ಮೂರು ಒಂಟಿ ಕೋಣೆಗಳಲ್ಲಿ ಬಾಡಿಗೆಗಿರುವ ಹುಡುಗರಲ್ಲಿ ಇಬ್ಬರು ಆರೂವರೆಗೇ ಕಂಪನಿಯ ಬಸ್ಸು ಹಿಡಿಯುತ್ತಾರೆ, ಒಬ್ಬ ರಾತ್ರಿ ಪಾಳಿ ಮುಗಿಸಿ ಬಂದು ಆ ಹೊತ್ತಿಗೆ ಮಲಗಿರುತ್ತಾನೆ. ಅವರ ಕಸ ಗಾಡಿಯನ್ನು ಕಾಣುವುದೇ ಇಲ್ಲ. ಕಪ್ಪು ಕವರಿನಲ್ಲಿ ಗಂಟು ಹಾಕಿಸಿಕೊಂಡು ಅದು ರಾತ್ರಿ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಬುಡ ಸೇರುತ್ತದೆ.

ಆ ಜಾಗವನ್ನು ಈಗ ಎಲ್ಲರೂ ಬ್ಲ್ಯಾಕ್ ಸ್ಪಾಟ್ ಎನ್ನುತ್ತಾರೆ. ಅದನ್ನು ತೆಗೆಯಲು ನಡೆದ ಪ್ರಯತ್ನಗಳಿಗೆ ಕೊರತೆಯಿಲ್ಲ. ಎರಡು ಬಾರಿ ತೊಳೆದು ರಂಗೋಲಿ ಹಾಕಿದರು, ಹೂಕುಂಡ ಇಟ್ಟರು, ದೇವರ ಪಟದ ಟೈಲ್ಸ್ ಅಂಟಿಸಿದರು, ಕ್ಯಾಮೆರಾ ಕಟ್ಟಿದರು. ಹೂಕುಂಡ ಕಳುವಾಯಿತು, ದೇವರ ಪಟದ ಮುಂದೆಯೇ ಕವರುಗಳು ಬಿದ್ದವು. 2025ರ ಅಕ್ಟೋಬರ್ ಕೊನೆಯಲ್ಲಿ, ಬೀದಿಗೆ ಕಸ ಎಸೆದವರ ಮನೆ ಬಾಗಿಲಿಗೇ ಕಸ ಸುರಿಯುವ ಅಭಿಯಾನ ನಗರದಲ್ಲಿ ನಡೆದಾಗ ಅನೇಕರು ಚಪ್ಪಾಳೆ ತಟ್ಟಿದರು, ನನಗೆ ತಟ್ಟಲಾಗಲಿಲ್ಲ. ಎಸೆಯುವವರೆಲ್ಲ ಅಮಾಯಕರೆಂದು ನಾನು ಹೇಳುತ್ತಿಲ್ಲ, ಕಾರಿನ ಕಿಟಕಿಯಿಂದ ಕವರು ಬೀಸಿ ಹೋಗುವವರನ್ನೂ ಕಂಡಿದ್ದೇನೆ. ಆದರೂ ನಮ್ಮ ಟ್ರಾನ್ಸ್‌ಫಾರ್ಮರ್ ಬುಡದ ರಾಶಿಯಲ್ಲಿ ಬಹುಪಾಲು, ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಇರಲಾರದವರದ್ದು. ಅದೇ ಜಾಗದಲ್ಲಿ ಸಂಜೆ ಏಳೂವರೆಯಿಂದ ಎಂಟರವರೆಗೆ ಒಂದು ಗಾಡಿ ಬಂದು ನಿಲ್ಲಲಿ ಎಂದು ನಮ್ಮ ಕಡೆಯ ಗುತ್ತಿಗೆದಾರರ ಮೇಲ್ವಿಚಾರಕರಿಗೆ ಎರಡು ಬಾರಿ ಬರೆದುಕೊಟ್ಟೆವು. ‘ನೋಡೋಣ ಸಾರ್’ ಎಂಬುದಷ್ಟೇ ಈವರೆಗಿನ ಉತ್ತರ. ಇನ್ನೂ ಬೇಸರದ ಸಂಗತಿಯೆಂದರೆ, ಬೆಳಿಗ್ಗೆ ಅದೇ ಟಿಪ್ಪರು ಆ ರಾಶಿಯನ್ನು ಎತ್ತಿಕೊಳ್ಳುವಾಗ, ನಾವು ಬೇರ್ಪಡಿಸಿ ಕೊಟ್ಟ ಹಸಿ ಕಸದ ಮೇಲೆಯೇ ಈ ಕಪ್ಪು ಕವರುಗಳೂ ಬಂದು ಬೀಳುತ್ತವೆ. ಬಾಗಿಲಿನಲ್ಲಿ ಇಪ್ಪತ್ತು ಮನೆಯವರು ಪಟ್ಟ ಶ್ರಮ ತಿರುವಿನಲ್ಲಿ ಅರ್ಧ ನಿಮಿಷಕ್ಕೆ ಮಣ್ಣುಪಾಲು. ನಗರದ ಕಸವನ್ನು ತಂದು ಸುರಿಯುತ್ತಿದ್ದ ಹೊರವಲಯದ ಹಳ್ಳಿ ಮಂಡೂರಿನ ಜನ ವರ್ಷಗಟ್ಟಲೆ ನಮ್ಮ ಕಸದ ನಾತ ಕುಡಿದು, ಬೀದಿಗಿಳಿದು, 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದ್ದು ಇಂಥ ಕಲಸುಮೇಲೋಗರದ ಕಸಕ್ಕಾಗಿಯೇ.

ಒಣ ಕಸಕ್ಕೆ ನಮ್ಮಲ್ಲಿ ವಾರಕ್ಕೆ ಎರಡು ದಿನ. ಅದನ್ನು ಬೇರೆಯೇ ಗಾಡಿ ಒಯ್ಯುತ್ತದೆ, ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ವಿಂಗಡಿಸುತ್ತಾರೆ. ಒಮ್ಮೆ ಕುತೂಹಲಕ್ಕೆ ಹೋಗಿ ನೋಡಿದೆ: ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ಅಲ್ಲಿ ಕೂತು ರಟ್ಟು, ಹಾಲಿನ ಕವರು, ನೀರಿನ ಬಾಟಲಿ, ಗಾಜು ಎಂದು ಬೇರೆಬೇರೆ ಗುಡ್ಡೆ ಹಾಕುತ್ತಿದ್ದರು. ಪ್ಲಾಸ್ಟಿಕ್ಕನ್ನು ಕೈಯಲ್ಲಿ ಹಿಸುಕಿ, ಸದ್ದು ಕೇಳಿಯೇ ಅದು ಯಾವ ಜಾತಿಯದೆಂದು ಹೇಳುವ ಅವರ ಚಾಕಚಕ್ಯತೆ ದೊಡ್ಡದು. ಚಿಪ್ಸ್ ಪೊಟ್ಟಣದಂಥ ಪದರಪದರದ ಪ್ಲಾಸ್ಟಿಕ್ಕಿಗೆ ಮಾತ್ರ ಗುಜರಿಯವರಲ್ಲಿ ಬೆಲೆಯಿಲ್ಲ. ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಬೇಕು. ಸಾಂಬಾರು ಮೆತ್ತಿದ ಪಾರ್ಸೆಲ್ ಡಬ್ಬಿಯನ್ನು ತೊಳೆಯದೆ ಕೊಟ್ಟರೆ ಪಕ್ಕದ ರಟ್ಟೂ ಕೆಡುತ್ತದೆಂಬುದು ಅಲ್ಲಿ ಹತ್ತು ನಿಮಿಷ ನಿಂತರೆ ಯಾರಿಗೂ ತಿಳಿಯುತ್ತದೆ.

ಕೆಲವು ವಸ್ತುಗಳಿಗೆ ಈ ಸೇವೆಯಲ್ಲಿ ಜಾಗವೇ ಇಲ್ಲ. ಎಳನೀರು ಬುರುಡೆ, ಹಳೆಯ ಹಾಸಿಗೆ, ಸುಟ್ಟ ಟ್ಯೂಬ್‌ಲೈಟು, ಅವಧಿ ಮುಗಿದ ಮಾತ್ರೆ, ಇವನ್ನು ಕೊಟ್ಟರೆ ಒಂದೊಂದು ದಿನ ಒಂದೊಂದು ಉತ್ತರ ಸಿಗುತ್ತದೆ. ಆಯುಧಪೂಜೆಯ ಮರುದಿನವಂತೂ ಬಾಳೆಕಂದು ಮತ್ತು ಒಡೆದ ಬೂದುಗುಂಬಳ ಎರಡು ದಿನ ಮೂಲೆಯಲ್ಲೇ ಕೊಳೆತವು. ಆ ವಾರ ಗಾಡಿಯಿಂದ ಸೋರಿದ ನೀರಿನ ವಾಸನೆ ಮಳೆ ಬರುವವರೆಗೆ ಹೋಗಲಿಲ್ಲ.

ಐದರಲ್ಲಿ ಅಂಕ ಕೊಡುವುದಾದರೆ ನಾನು ಮೂರು ಕೊಡುತ್ತೇನೆ. ಅದರಲ್ಲಿ ಎರಡೂವರೆ ಆ ಸಹಾಯಕಿಯದ್ದು. 2025ರ ಮೇ 1ರಂದು ಬೀದಿ ಗುಡಿಸುವ ಸಾವಿರಾರು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು, ಅದು ನ್ಯಾಯವೇ. ಗಾಡಿಯ ಈ ಇಬ್ಬರು ಮಾತ್ರ ಇನ್ನೂ ಗುತ್ತಿಗೆಯವರು. ಚಳಿಗಾಲದಲ್ಲಿ ಸಹಾಯಕಿಯ ಕೈಗವಸು ಹರಿದು ಹೋಗಿತ್ತು. ಹೊಸದು ಸಿಗಲು ಎಷ್ಟು ದಿನವಾಯಿತೆಂದು ಕೇಳಿದ್ದಕ್ಕೆ ನಕ್ಕರು, ಉತ್ತರ ಹೇಳಲಿಲ್ಲ.

ಸಂಜೆಯ ಗಾಡಿ ಬರುವ ತನಕ ನಾವೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಎದುರುಮನೆಯ ಹುಡುಗರು ರಾತ್ರಿಯೇ ತಮ್ಮ ಬಕೆಟ್ಟುಗಳನ್ನು, ಮುಚ್ಚಳದ ಮೇಲೆ ಇಟ್ಟಿಗೆ ಹೇರಿ, ನಮ್ಮ ಗೇಟಿನೊಳಗೆ ಇಟ್ಟು ಹೋಗುತ್ತಾರೆ. ನಾಯಿಗಳ ಕಾಟಕ್ಕೆ ಇಟ್ಟಿಗೆಯೇ ಬೇಕು. ಬೆಳಿಗ್ಗೆ ನಾನು ನಾಲ್ಕು ಮನೆಯ ಕಸ ಕೊಡುತ್ತೇನೆ. ಮೂರನೆಯ ಬಕೆಟ್ಟಿನಲ್ಲಿ ಮೊಟ್ಟೆಯ ರಟ್ಟು ಕಂಡಾಗಲೆಲ್ಲ ಬೈಸಿಕೊಳ್ಳುವುದೂ ನಾನೇ.